ಲಂಕಾದ್ವೀಪದ ದೊಡ್ಡ ಏರೋಪ್ಲೇನ್ ಚಿಟ್ಟೆಗಳನ್ನು ಗುರುತಿಸುವ ಬಗೆ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಅವರ ಹೆತ್ತವರಿಗೂ ಈ ಸ್ಮರಣ ಸಂಚಿಕೆಯಲ್ಲಿ ಪ್ರಕೃತಿ ಪಾಠವೊಂದನ್ನು ಬರೆದು ಕೊಡಬೇಕೆಂದು ಕೇಳಿದಾಗ, ಯಾವದನ್ನು ಬರೆಯಲಿ ಎಂದು ನಾನು ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ. ನಾನು ಕಲಿಸಿದ ಪಾಠಗಳು ಅನೇಕವಿದ್ದರೂ, ನನಗೆ ಒಬ್ಬ ಹುಡುಗಿಯು ಕಲಿಸಿದ ಪಾಠವು ಒಂದುಂಟು. ಅದನ್ನೇ ಇಲ್ಲಿ ಹೇಳುತ್ತೇನೆ.

ಹಲವು ವರುಷಗಳ ಹಿಂದೆ ನಾನು ಲಂಕಾದ್ವೀಪದ ಕ್ಯಾಂಡಿ ಸೀಮೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡು ವರುಷ ಉಪಾಧ್ಯಾಯಿನಿಯಾಗಿದ್ದೆನು. ಶಾಲೆಯ ಹಿಂದುಗಡೆ ತಾವರೆ ಬೆಳೆದ ಕೊಳವೊಂದಿತ್ತು. ಆ ಕೊಳದ ಮೇಲೆ ಬೆಳಗಿನಿಂದ ಸಾಯಂಕಾಲದ ವರೆಗೆ ಹಸುರು ಮೈಯ ದೊಡ್ಡ ಏರೋಪ್ಲೇನ್ ಚಿಟ್ಟೆಯೊಂದು ಅತ್ತಿತ್ತ ಹಾರುತ್ತಲೇ ಇರುತ್ತಿತ್ತು. ಅಲ್ಲಿಯ ಸಿಂಹಳ ಮಕ್ಕಳು ಈ ಕೀಟವನ್ನು ಬತ್‌ಕೂರಾ ಎನ್ನುವರು. ತಮಿಳು ಮಾತಾಡುವ ಮಕ್ಕಳು ತುಂಬಿ ಎನ್ನುವರು. ನಮ್ಮ ಕನ್ನಡದಲ್ಲಿಯಾದರೋ ತುಂಬಿ ಎಂದರೆ ಹೂವನ್ನು ಸುತ್ತಿ ಝೇಂಕರಿಸುವ ಕರಿಯ ದುಂಬಿ. ಒಂದೇ ಶಬ್ದವು ಸಮುದ್ರದ ಎರಡು ದಡಗಳಲ್ಲಿ ಎರಡು ಬೇರೆ ಜೀವಿಗಳಿಗೆ ಹೆಸರಾಗಿರುವದನ್ನು ಕಂಡು ನಾನು ವಿನೋದಪಟ್ಟೆನು. ಆದರೆ ಒಂದೇ ಹೆಸರನ್ನು ಎರಡು ಜೀವಿಗಳಿಗೆ ಹಚ್ಚುವ ತಪ್ಪನ್ನು ನಾನೂ ಆ ಕೊಳದ ದಡದಲ್ಲಿಯೇ ಮಾಡುತ್ತಿದ್ದೆನೆಂಬದು ಆಗ ನನಗೆ ತಿಳಿದಿರಲಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳ ಕೈಯಲ್ಲಿ ನಾನು ಒಂದು ದಾಖಲೆ ಪುಸ್ತಕವನ್ನು ಇಡಿಸಿದ್ದೆನು. ಪ್ರತಿ ವಾರವೂ ಕೊಳದ ಬಳಿ ಅರ್ಧ ತಾಸು ನಿಂತು, ಕಂಡ ಜಾತಿಗಳ ಹೆಸರನ್ನೂ ದಿನವನ್ನೂ ಗಳಿಗೆಯನ್ನೂ ಬರೆಯುವದು ವಾಡಿಕೆ. ಹಸುರು ಮೈ, ಬಾಲದ ಬುಡದಲ್ಲಿ ನೀಲಿ, ಹಿಂದೆ ಕಪ್ಪು ಇಷ್ಟನ್ನು ಕಂಡರೆ ಸಾಕು, 'ಅನಾಕ್ಸ್ ಗಟ್ಟೇಟಸ್' ಎಂದು ಬರೆಯಿರಿ ಎಂದು ನಾನು ಹೇಳಿಕೊಟ್ಟಿದ್ದೆನು. ಒಂದು ದಿನ ಒಬ್ಬ ಹುಡುಗಿಯು, "ಟೀಚರ್, ಈ ಹೊತ್ತು ಬಂದದ್ದರ ಪಕ್ಕೆಯ ಚುಕ್ಕೆಗಳು ಬಿಡಿಬಿಡಿಯಾಗಿಲ್ಲ, ಒಂದಕ್ಕೊಂದು ಕೂಡಿಕೊಂಡಿವೆ" ಎಂದಳು. ನಾನು ನಕ್ಕು, "ಹಾರುವ ಹುಳುವಿನ ಚುಕ್ಕೆಗಳನ್ನು ಎಣಿಸುವಷ್ಟು ಕಣ್ಣು ನಿನಗುಂಟೋ? ಸುಮ್ಮನೆ ಗಟ್ಟೇಟಸ್ ಎಂದು ಬರೆ" ಎಂದೆನು. ಅವಳು ಬರೆದಳು. ಆದರೆ ಆ ಸಾಲಿನ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಒಂದು ಚಿಕ್ಕ ಪ್ರಶ್ನೆಯ ಗುರುತನ್ನು ಹಾಕಿದಳು.

ಮೂರು ವಾರಗಳ ಮೇಲೆ ಕೊಳದ ನೀರಿನಲ್ಲಿ ಸತ್ತು ತೇಲುತ್ತಿದ್ದ ಒಂದು ಚಿಟ್ಟೆಯನ್ನು ಮಕ್ಕಳು ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಭೂತಗನ್ನಡಿಯನ್ನು ತೆಗೆದುಕೊಂಡು ಪುಸ್ತಕದೊಡನೆ ಹೋಲಿಸಿ ನೋಡಿದೆನು. ಪಕ್ಕೆಯ ಚುಕ್ಕೆಗಳು ಕೂಡಿಕೊಂಡಿದ್ದವು. ಬಾಲದ ತುದಿಯ ಕೊಂಡಿಗಳ ಆಕಾರವೂ ಬೇರೆಯಾಗಿತ್ತು. ಅದು ಗಟ್ಟೇಟಸ್ ಅಲ್ಲ, ಅದರ ಸೋದರ ಜಾತಿಯಾದ 'ಅನಾಕ್ಸ್ ಇಂಡಿಕಸ್'. ಆ ಕೊಳಕ್ಕೆ ಎರಡು ಜಾತಿಗಳು ಬರುತ್ತಿದ್ದವು. ನಾವು ಒಂದೇ ಹೆಸರನ್ನು ಬರೆಯುತ್ತಿದ್ದೆವು. ಒಂದು ವರುಷಕ್ಕೂ ಮಿಕ್ಕಿ ಮಕ್ಕಳು ಬಿಸಿಲಲ್ಲಿ ನಿಂತು ಬರೆದ ಸಾಲುಗಳಲ್ಲಿ ಯಾವದು ಗಟ್ಟೇಟಸ್, ಯಾವದು ಇಂಡಿಕಸ್ ಎಂದು ಹೇಳಲು ಯಾವ ಉಪಾಯವೂ ಇರಲಿಲ್ಲ. ನಾನು ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, ಆ ಹೆಸರನ್ನೆಲ್ಲಾ ನನ್ನ ಕೈಯಿಂದಲೇ ಹೊಡೆದು ಹಾಕಿ, 'ಹಸುರು ಅನಾಕ್ಸ್, ಜಾತಿ ನಿಶ್ಚಯವಿಲ್ಲ' ಎಂದು ತಿದ್ದಿದೆನು. ಆ ಇಡೀ ಪುಸ್ತಕದಲ್ಲಿ ಬೆಲೆಯುಳ್ಳದ್ದಾಗಿ ಉಳಿದ ಗುರುತು ಆ ಹುಡುಗಿಯ ಪ್ರಶ್ನೆಯ ಗುರುತೊಂದೇ.

ಈ ಅನುಭವದ ಮೇಲೆ ನಾವು ಗುರುತಿಸುವ ಕೆಲಸವನ್ನು ಮೊದಲಿನಿಂದ ಕಲಿತೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ ಈ ಕುಟುಂಬವನ್ನು ತಿಳಿಯಬೇಕು. ಏರೋಪ್ಲೇನ್ ಚಿಟ್ಟೆಯೆಂದು ಕರೆದರೂ ಇದು ಚಿಟ್ಟೆಯಲ್ಲವೆಂಬದನ್ನು ಎಲ್ಲರೂ ಬಲ್ಲರು. ಲಂಕೆಯಲ್ಲಿ ಇದುವರೆಗೆ ಇವುಗಳ ಸುಮಾರು ೧೩೦ ಜಾತಿಗಳನ್ನು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಆ ದ್ವೀಪವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಹೀಗೆ ದ್ವೀಪಕ್ಕೇ ಮೀಸಲಾದವುಗಳಲ್ಲಿ ಬಹಳವು ಕಾಡಿನ ತೊರೆಗಳ ನೆರಳನ್ನು ಬಿಟ್ಟು ದೂರ ಹೋಗದ, ಸೂಜಿಯಂತೆ ತೆಳ್ಳಗಿರುವ ಚಿಕ್ಕ ಜಾತಿಗಳು. ನಾವು ಮಾತಾಡುತ್ತಿರುವ ದೊಡ್ಡ ಜಾತಿಗಳು ಏಶ್ನಿಡೇ ಎಂಬ ಕುಟುಂಬಕ್ಕೆ ಸೇರಿದವು. ಪೊಲೀಸಿನವನು ಬೀದಿಯಲ್ಲಿ ಗಸ್ತು ತಿರುಗುವ ಹಾಗೆ ಇವು ನೀರಿನ ಮೇಲೆ ಒಂದೇ ದಾರಿಯಲ್ಲಿ ಹೋಗುತ್ತಾ ಬರುತ್ತಾ ಬೇಟೆಯಾಡುವದರಿಂದ ನಾನು ಮಕ್ಕಳಿಗೆ ಇವನ್ನು 'ಗಸ್ತಿನ ಕುಟುಂಬ' ಎಂದು ಹೇಳಿಕೊಡುತ್ತಿದ್ದೆನು. ಇವುಗಳ ರೆಕ್ಕೆಗಳು ಬಲವಾದವು, ಹಾರಾಟವು ದೂರದ್ದು. ಧನುಷ್ಕೋಟಿಗೂ ತಲೈಮನ್ನಾರಿಗೂ ನಡುವೆ ಇರುವ ಸುಮಾರು ೩೦ ಕಿಲೋಮೀಟರಿನ ಸಮುದ್ರವು ಇಂಥ ರೆಕ್ಕೆಗಳಿಗೆ ದೊಡ್ಡ ತಡೆಯಲ್ಲ. ಮುಂದೆ ಹೇಳುವ ಆರು ಜಾತಿಗಳೂ ದಕ್ಷಿಣ ಹಿಂದುಸ್ಥಾನದಲ್ಲಿಯೂ ಇರುವಂಥವುಗಳೇ. ಆದುದರಿಂದ ಲಂಕೆಯಲ್ಲಿ ಇವನ್ನು ಕಲಿತವರು ನಮ್ಮ ಘಟ್ಟದ ಸೀಮೆಯಲ್ಲಿಯೂ ಇವುಗಳ ಗುರುತು ಹಿಡಿಯಬಲ್ಲರು.

ಈ ಕುಟುಂಬದ ಮುಖ್ಯ ಗುರುತು ಕಣ್ಣುಗಳಲ್ಲಿದೆ. ಎರಡು ದೊಡ್ಡ ಕಣ್ಣುಗಳು ತಲೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡು, ತಲೆಯೆಲ್ಲಾ ಕಣ್ಣೇ ಎಂಬಂತೆ ತೋರುತ್ತವೆ. ಒಂದೊಂದು ಕಣ್ಣಿನಲ್ಲಿ ೨೫,೦೦೦ಕ್ಕೂ ಹೆಚ್ಚು ಚಿಕ್ಕ ಕಣ್ಣುಗಳು ಕೂಡಿರಬಹುದು. ಕೊಳದ ಬಳಿ ಕಡ್ಡಿಯ ತುದಿಯಲ್ಲಿ ಕೂತಿರುವ, ಹಳದಿ ಕಪ್ಪು ಪಟ್ಟೆಗಳ, ಬಾಲದ ತುದಿ ಗದೆಯಂತೆ ದಪ್ಪವಾದ ಇನ್ನೊಂದು ದೊಡ್ಡ ಜಾತಿಯುಂಟು. ಅದರ ಕಣ್ಣುಗಳು ಒಂದನ್ನೊಂದು ಮುಟ್ಟುವದಿಲ್ಲ. ಅದು ಬೇರೆ ಕುಟುಂಬದ್ದು. ನದಿಗಳ ಮೇಲೆ ವೇಗವಾಗಿ ಹಾರುವ, ಕಪ್ಪು ಮೈಗೆ ಹಳದಿ ಬಳೆಗಳುಳ್ಳ, ನೀಳ ಕಾಲಿನ ಮತ್ತೊಂದು ಕುಟುಂಬವುಂಟು. ಅದರ ಕಣ್ಣುಗಳು ಸ್ವಲ್ಪ ಮಾತ್ರ ಮುಟ್ಟಿಕೊಂಡಿರುತ್ತವೆ. ಎರಡನೆಯ ಗುರುತು ಕೂತುಕೊಳ್ಳುವ ರೀತಿ. ಗಸ್ತಿನ ಕುಟುಂಬದವು ದಣಿದಾಗ ಕೊಂಬೆಯ ಕೆಳಗೆ ಕಾಲುಗಳಿಂದ ಹಿಡಿದು, ಮೈಯನ್ನು ಇಳಿಬಿಟ್ಟು ತೂಗುತ್ತವೆ. ಕಡ್ಡಿಯ ತುದಿಯಲ್ಲಿ ಅಡ್ಡವಾಗಿ ಕೂಡುವದಿಲ್ಲ.

ಕುಟುಂಬವು ನಿಶ್ಚಯವಾದ ಮೇಲೆ ನಾಲ್ಕು ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳಬೇಕು. ಎಷ್ಟು ಹೊತ್ತಿಗೆ ಹಾರುತ್ತದೆ? ಯಾವ ನೀರಿನ ಮೇಲೆ ಹಾರುತ್ತದೆ? ಎದೆಯ ಪಕ್ಕವು ಒಂದೇ ಬಣ್ಣವೋ, ಪಟ್ಟೆಯುಳ್ಳದ್ದೋ? ಬಾಲದ ಬುಡದಲ್ಲಿಯೂ ಪಕ್ಕೆಯಲ್ಲಿಯೂ ಯಾವ ಗುರುತುಗಳಿವೆ? ಬಾಲವೆಂದು ನಾವು ಕರೆಯುವದು ನಿಜವಾಗಿ ಅದರ ಹೊಟ್ಟೆ. ಅದರಲ್ಲಿ ಹತ್ತು ಖಂಡಗಳಿವೆ. ಎದೆಯ ಕಡೆಯಿಂದ ಒಂದು, ಎರಡು, ಮೂರು ಎಂದು ಎಣಿಸುವ ಅಭ್ಯಾಸವನ್ನು ಮಾಡಿಕೊಂಡರೆ ಮುಂದಿನದೆಲ್ಲಾ ಸುಲಭವು.

ಮೊದಲನೆಯ ಪ್ರಶ್ನೆಗೆ 'ಮುಸ್ಸಂಜೆಯ ಹೊತ್ತಿಗೆ' ಎಂಬ ಉತ್ತರ ಬಂದರೆ, ಅದು ಬಹುಶಃ ಗೈನಾಕಾಂಥಾ ದ್ರವಿಡ. ಇದು ಹಗಲೆಲ್ಲಾ ಕಾಡಿನ ಪೊದೆಗಳ ಕತ್ತಲಲ್ಲಿ ತೂಗಿಕೊಂಡಿದ್ದು, ಸೂರ್ಯನು ಮುಳುಗಿದ ಮೇಲೆ ಸೊಳ್ಳೆಗಳ ಬೇಟೆಗೆ ಹೊರಡುತ್ತದೆ. ದೀಪದ ಬೆಳಕಿಗೆ ಮರುಳಾಗಿ ಮನೆಯೊಳಗೆ ಬಂದು ಗೋಡೆಗೆ ಬಡಿಯುವ ದೊಡ್ಡ ಕಂದು ಚಿಟ್ಟೆಯು ಅನೇಕಾವರ್ತಿ ಇದೇ. ಮೈ ಕಂದು, ಪಕ್ಕದಲ್ಲಿ ಸ್ವಲ್ಪ ಹಸುರು. ಗಂಡಿನ ಮೂರನೆಯ ಖಂಡವು ನಡುವನ್ನು ಬಿಗಿದು ಕಟ್ಟಿದ ಹಾಗೆ ಸಣ್ಣಗಾಗಿರುತ್ತದೆ. ಬಾಲದ ತುದಿಯ ಕೊಂಡಿಗಳು ನೀಳವಾಗಿಯೂ ತೆಳ್ಳಗಾಗಿಯೂ ಇರುತ್ತವೆ. ಗೈನಾಕಾಂಥಾ ಎಂಬ ಗ್ರೀಕ್ ಮೂಲದ ಹೆಸರಿಗೆ 'ಹೆಣ್ಣಿನ ಮುಳ್ಳು' ಎಂಬ ಅರ್ಥವು. ಹೆಣ್ಣಿನ ಹತ್ತನೆಯ ಖಂಡದ ಕೆಳಗೆ ಕವಲುಳ್ಳ ಮುಳ್ಳಿರುವದೇ ಈ ಹೆಸರಿಗೆ ಕಾರಣ. ಈ ಜಾತಿಗೆ ದ್ರವಿಡ ಎಂಬ ಹೆಸರನ್ನು ಲೀಫ್ಟಿಂಕ್ ಎಂಬ ವಿದ್ವಾಂಸರು ೧೯೬೦ರಲ್ಲಿ ಇಟ್ಟರು.

ಹಗಲಲ್ಲಿ ಹಾರುವದಾದರೆ ಎರಡನೆಯ ಪ್ರಶ್ನೆಗೆ ಹೋಗಬೇಕು. ಬೆಟ್ಟದ ಬಂಡೆಗಳ ನಡುವೆ ಹರಿಯುವ ತೊರೆಯ ಮೇಲೆ, ನೀರಿಗೆ ಹತ್ತಿರವಾಗಿ, ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಗಸ್ತು ತಿರುಗುವ ಬಹು ದೊಡ್ಡ ಚಿಟ್ಟೆಯು ಅನಾಕ್ಸ್ ಇಮ್ಯಾಕ್ಯುಲಿಫ್ರಾನ್ಸ್. ಇದರ ಎದೆಯು ತಿಳಿ ನೀಲಿ ಹಸುರು. ಅದರ ಪಕ್ಕದಲ್ಲಿ ಅಗಲವಾದ ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ಬಲಿತ ಗಂಡಿನ ಕಣ್ಣುಗಳು ನೀಲಿ; ಬಾಲವು ಕೆಂಗಂದು ಮತ್ತು ಕಪ್ಪು. ಅನಾಕ್ಸ್ ಕುಲದ ಬೇರೆ ಹಸುರು ಜಾತಿಗಳ ಎದೆಯಲ್ಲಿ ಇಂಥ ಪಟ್ಟೆಗಳಿಲ್ಲದ ಕಾರಣ ಇದನ್ನು ದೂರದಿಂದಲೇ ಗುರುತಿಸಬಹುದು. ಇದರ ಹೆಸರಿನ ಅರ್ಥವು 'ಕಲೆಯಿಲ್ಲದ ಹಣೆ' ಎಂದಾಗುತ್ತದೆ.

ಲಂಕೆಯ ಅತಿ ಎತ್ತರದ ತಂಪು ಸೀಮೆಯಲ್ಲಿ, ಅಂದರೆ ನುವರ ಎಲಿಯ ಮತ್ತು ಸಮುದ್ರಮಟ್ಟದಿಂದ ಸುಮಾರು ೨,೧೦೦ ಮೀಟರು ಎತ್ತರವಿರುವ ಹಾರ್ಟನ್ ಬಯಲು ಇವುಗಳ ಜೌಗು ನೀರಿನ ಬಳಿಯಲ್ಲಿ ನಿಂತಿದ್ದರೆ, ಅನಾಸಿಯೆಶ್ನಾ ಡೊನಾಲ್ಡಿ ಎಂಬದನ್ನು ನೆನಪಿಡಬೇಕು. ಇದು ಕೆಂಗಂದು ಎದೆಯ ಜಾತಿ. ಎದೆಯ ಒಂದೊಂದು ಪಕ್ಕದಲ್ಲಿ ಹಸುರು ಹಳದಿಯ ಎರಡು ಅಗಲ ಪಟ್ಟೆಗಳಿವೆ. ೧೯೨೨ರಲ್ಲಿ ಇದನ್ನು ಮೊದಲು ವರ್ಣಿಸಿದವರು ಫ್ರೇಸರ್ ಎಂಬವರು. ಅವರು ಸೈನ್ಯದ ವೈದ್ಯರಾಗಿ ದಕ್ಷಿಣ ದೇಶದಲ್ಲಿದ್ದಾಗ ನಮ್ಮ ಕೊಡಗಿನ ತೊರೆಗಳಲ್ಲಿಯೂ ನೀಲಗಿರಿಯಲ್ಲಿಯೂ ಬಹಳವಾಗಿ ಸಂಗ್ರಹಿಸಿ, ೧೯೩೩, ೧೯೩೪ ಮತ್ತು ೧೯೩೬ರಲ್ಲಿ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. ಹಿಂದುಸ್ಥಾನದ ಜಾತಿಗಳೂ ಲಂಕೆಯ ಜಾತಿಗಳೂ ಆ ಗ್ರಂಥದಲ್ಲಿ ಒಟ್ಟಿಗೆ ಇವೆ. ಡೊನಾಲ್ಡಿಯು ನೀಲಗಿರಿಯ ಉದಕಮಂಡಲದಂಥ ಎತ್ತರಗಳಲ್ಲಿಯೂ ಉಂಟು. ನಡುವಿನ ಬಿಸಿ ಬಯಲು ಸೀಮೆಯಲ್ಲಿ ಇದು ನೆಲೆಸುವದಿಲ್ಲ. ಹೀಗೆ ಕೆಲವೇ ತಂಪು ಶಿಖರಗಳನ್ನು ನಂಬಿ ಬದುಕುವ ಜಾತಿಗೆ, ಜೌಗು ಒಣಗಿದರೆ ಅಥವಾ ಹವೆಯು ಬಿಸಿಯಾದರೆ ಇನ್ನೂ ಮೇಲಕ್ಕೆ ಹೋಗಲು ಸ್ಥಳವಿಲ್ಲ. ಹಾರ್ಟನ್ ಬಯಲು ೧೯೮೮ರಿಂದ ರಾಷ್ಟ್ರೀಯ ಉದ್ಯಾನವಾಗಿರುವದು ಈ ದೃಷ್ಟಿಯಿಂದ ಒಳ್ಳೇದು.

ಇನ್ನು ಕೊಳ, ಕೆರೆ, ಗದ್ದೆಯ ಬದಿಯ ನಿಂತ ನೀರು ಇವುಗಳ ಮೇಲೆ ಹಗಲಲ್ಲಿ ಹಾರುವ ಮೂರು ಜಾತಿಗಳು ಉಳಿದವು. ಇವುಗಳಲ್ಲಿ ಒಂದರ ಎದೆ ಹಸುರಲ್ಲ, ಮರಳಿನ ಹಾಗೆ ಕಂದು. ಕಣ್ಣು ಮೇಲ್ಗಡೆ ಕಂದು. ಬಾಲವು ಹಳದಿ ಮಿಶ್ರವಾದ ಕಂದು, ಬೆನ್ನಿನ ಮೇಲೆ ಕಪ್ಪು ಗೆರೆ. ಗಂಡಿನ ಎರಡನೆಯ ಖಂಡದ ಮೇಲೆ ಮಾತ್ರ ಕುದುರೆಗೆ ಜೀನು ಹಾಕಿದಂತೆ ನೀಲಿ ಮಚ್ಚೆಯಿರುತ್ತದೆ. ಇದೇ ಅನಾಕ್ಸ್ ಎಫಿಪ್ಪಿಗರ್, ಅಂದರೆ 'ಜೀನು ಹೊತ್ತದ್ದು'. ಇದು ಸೋದರ ಜಾತಿಗಳಿಗಿಂತ ಸ್ವಲ್ಪ ಚಿಕ್ಕದು. ಆದರೆ ಪ್ರಯಾಣದಲ್ಲಿ ಎಲ್ಲರನ್ನೂ ಮೀರಿಸಿದ್ದು. ಮಳೆಯಿಂದ ತುಂಬಿ ಬೇಗನೆ ಬತ್ತಿಹೋಗುವ ಹೊಂಡಗಳಲ್ಲಿ ಮೊಟ್ಟೆಯಿಟ್ಟು, ಮರಿಗಳು ಬೇಗ ಬೆಳೆದು, ಗುಂಪುಗುಂಪಾಗಿ ದೇಶಾಂತರ ಹೋಗುವವು. ಉತ್ತರದ ಐಸ್‌ಲ್ಯಾಂಡ್ ದ್ವೀಪದ ವರೆಗೂ ಇದು ಹೋಗಿ ಮುಟ್ಟಿದ್ದುಂಟು. ಆದುದರಿಂದ ಕಂದು ಎದೆಯದನ್ನು ಕಂಡ ದಿನವನ್ನು ತಪ್ಪದೆ ಬರೆದಿಡಬೇಕು.

ಕೊನೆಗೆ ಉಳಿದವು ನನ್ನನ್ನು ನಾಚಿಸಿದ ಆ ಎರಡು ಹಸುರು ಜಾತಿಗಳು. ಗಟ್ಟೇಟಸ್ ಮತ್ತು ಇಂಡಿಕಸ್ ಎರಡಕ್ಕೂ ಪಟ್ಟೆಯಿಲ್ಲದ ಹಸುರು ಎದೆ; ಎರಡಕ್ಕೂ ಬಾಲದ ಬುಡದಲ್ಲಿ ಹೊಳೆಯುವ ನೀಲಿ; ಎರಡಕ್ಕೂ ಮುಂದೆ ಗಾಢವಾದ ಬಾಲ, ಪಕ್ಕೆಯಲ್ಲಿ ಕಿತ್ತಳೆ ಬಣ್ಣದ ಗುರುತುಗಳು. ಗಟ್ಟೇಟಸ್ ಸುಮಾರು ೮ ಸೆಂಟಿಮೀಟರು ಉದ್ದವಿದ್ದು, ರೆಕ್ಕೆಗಳನ್ನು ಹರಡಿದರೆ ೧೦ ಸೆಂಟಿಮೀಟರಿಗೂ ಹೆಚ್ಚಾಗುತ್ತದೆ. ಗಟ್ಟೇಟಸ್ ಎಂದರೆ 'ಚುಕ್ಕೆಯುಳ್ಳದ್ದು'. ಹೆಸರಿಗೆ ತಕ್ಕಂತೆ ಅದರ ಪಕ್ಕೆಯ ಗುರುತುಗಳು ಒಂದರಿಂದೊಂದು ಬೇರೆಯಾದ ಚುಕ್ಕೆಗಳಾಗಿವೆ. ಇಂಡಿಕಸಿನಲ್ಲಿ ಅವು ದೊಡ್ಡವಾಗಿ ಒಂದಕ್ಕೊಂದು ಕೂಡಿ ಪಟ್ಟಿಯಂತಾಗಿವೆ. ಆದರೂ ಹಾರುವದರಲ್ಲಿ ಇದನ್ನು ನೋಡಿ ತೀರ್ಮಾನಿಸುವದು ಅಪಾಯಕರವು. ಕೊನೆಯ ನಿರ್ಣಯವು ಗಂಡಿನ ಬಾಲದ ತುದಿಯ ಕೊಂಡಿಗಳ ಆಕಾರದಿಂದ ಆಗಬೇಕು; ಅದಕ್ಕೆ ಕೀಟವು ಕೈಯಲ್ಲಿರಬೇಕು, ಇಲ್ಲವೆ ಸ್ಪಷ್ಟವಾದ ಛಾಯಾಚಿತ್ರವಿರಬೇಕು.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳುವದು ಅವಶ್ಯ. ರೆಕ್ಕೆಗಳ ಹೊಂಬಣ್ಣವನ್ನು ನಂಬಬಾರದು, ಯಾಕಂದರೆ ಅದು ಪ್ರಾಯಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಸತ್ತ ಕೀಟದ ಬಣ್ಣವನ್ನೂ ನಂಬಬಾರದು. ಪ್ರಾಣ ಹೋದ ಸ್ವಲ್ಪ ಹೊತ್ತಿನಲ್ಲಿಯೇ ನೀಲಿ ಹಸುರುಗಳು ಕಂದಿಹೋಗುತ್ತವೆ. ಮೂರನೆಯದಾಗಿ, ಹೆಸರನ್ನು ತಿಳಿಯುವದಕ್ಕಾಗಿ ಜೀವಂತ ಕೀಟವನ್ನು ಕೊಲ್ಲುವ ಅಗತ್ಯವಿಲ್ಲ. ರಕ್ಷಿತ ವನಗಳಲ್ಲಿ ಅಪ್ಪಣೆಯಿಲ್ಲದೆ ಹಿಡಿಯಲೂ ಕೂಡದು. ಕೊಳದ ಅಂಚಿನ ಜೊಂಡಿನ ಕಡ್ಡಿಗಳನ್ನು ಮುಂಜಾನೆ ನೋಡಿದರೆ, ಮರಿಯು ನೀರಿನಿಂದ ಹತ್ತಿ ಬಂದು ಕಳಚಿ ಬಿಟ್ಟುಹೋದ ಒಣ ಪೊರೆಗಳು ಅಂಟಿಕೊಂಡಿರುತ್ತವೆ. ಈ ಪೊರೆಯ ಬಾಯ ಕೆಳಗೆ, ಬೇಟೆಯನ್ನು ಹಿಡಿಯುವದಕ್ಕೆ ಮುಂದಕ್ಕೆ ಚಾಚುವ ತುಟಿಯುಂಟು. ಗಸ್ತಿನ ಕುಟುಂಬದಲ್ಲಿ ಅದು ಚಪ್ಪಟೆ. ಕೊಳದ ಸಾಧಾರಣ ಕೆಂಪು ಹಳದಿ ಏರೋಪ್ಲೇನ್ ಚಿಟ್ಟೆಗಳಲ್ಲಿ ಅದು ಚಮಚದ ಹಾಗೆ ಗುಳಿಯುಳ್ಳದ್ದು. ಒಂದು ಪೊರೆಯು ಸಿಕ್ಕಿತೆಂದರೆ ಆ ಚಿಟ್ಟೆಯು ಅದೇ ನೀರಿನಲ್ಲಿ ಬೆಳೆಯಿತೆಂಬದಕ್ಕೆ ಸಾಕ್ಷಿಯು ಸಿಕ್ಕಿತು. ಹಾರಿ ಬಂದದ್ದನ್ನು ಕಂಡ ಮಾತ್ರಕ್ಕೆ ಅಂಥ ಸಾಕ್ಷಿಯಾಗುವದಿಲ್ಲ.

ಇಷ್ಟು ಕಷ್ಟಪಟ್ಟು ಹೆಸರನ್ನು ಬೇರೆ ಮಾಡುವದರಿಂದ ಪ್ರಯೋಜನವೇನೆಂದು ತಾಯಂದಿರು ಕೇಳಬಹುದು. ಕೆರೆಯನ್ನು ತುಂಬಿಸಿ ಮನೆ ಕಟ್ಟುವ, ತೊರೆಗೆ ತೋಟದ ವಿಷವು ಹರಿಯುವ ಈ ಕಾಲದಲ್ಲಿ, ಯಾವ ಜಾತಿ ಎಲ್ಲಿ ಉಳಿದಿದೆ ಎಂಬ ದಾಖಲೆಯೇ ಮುಂದಿನವರಿಗೆ ಆಧಾರವು. ಎರಡು ಜಾತಿಗಳನ್ನು ಒಂದೇ ಹೆಸರಿನಲ್ಲಿ ಬರೆದರೆ, ಅವುಗಳಲ್ಲಿ ಒಂದು ಆ ಕೊಳವನ್ನು ಬಿಟ್ಟು ಹೋದಾಗ ದಾಖಲೆಯಲ್ಲಿ ಏನೂ ಬದಲಾಗುವದಿಲ್ಲ; ಹೋದದ್ದು ಯಾರಿಗೂ ತಿಳಿಯುವದೂ ಇಲ್ಲ. ನಾನು ಮಕ್ಕಳಿಂದ ಬರೆಯಿಸಿದ ಪುಸ್ತಕದಲ್ಲಿ ಇಂಡಿಕಸ್ ಎಂಬ ಜಾತಿಯು ಒಂದು ವರುಷ ಪೂರ್ತಿ ಇದ್ದೂ ಇಲ್ಲದಂತಾಗಿತ್ತು. ಅದು ಆ ಕೀಟದ ತಪ್ಪಲ್ಲ, ಮಕ್ಕಳ ತಪ್ಪೂ ಅಲ್ಲ.

ಆ ದಿನದಿಂದ ನಾನು ನನ್ನ ತರಗತಿಗಳಲ್ಲಿ ಒಂದು ನಿಯಮವನ್ನು ಇಟ್ಟುಕೊಂಡೆನು. ಕಂಡದ್ದನ್ನು ಮೊದಲು ಬರೆಯಬೇಕು; ಹೆಸರನ್ನು ಆಮೇಲೆ ಬರೆಯಬೇಕು; ಸಂದೇಹವಿದ್ದರೆ ಪ್ರಶ್ನೆಯ ಗುರುತನ್ನು ಹಾಕಬೇಕು; ಆ ಗುರುತನ್ನು ಉಪಾಧ್ಯಾಯಿನಿಯು ಅಳಿಸಕೂಡದು. ಈ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತವರು ಈ ನಿಯಮವನ್ನು ಮರೆತಿರಲಾರರು.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ. ಮಳೆಗಾಲವು ಮುಗಿದು ಬಿಸಿಲು ಬಿದ್ದಾಗ ಮಕ್ಕಳನ್ನು ಹತ್ತಿರದ ಕೆರೆಯ ದಡಕ್ಕೆ ಕರೆದುಕೊಂಡು ಹೋಗಿ, ಅರ್ಧ ತಾಸು ಮಾತಿಲ್ಲದೆ ನಿಲ್ಲಿಸಿರಿ. ಹಸುರು ಮೈಯ ದೊಡ್ಡ ಚಿಟ್ಟೆಯೊಂದು ಗಸ್ತು ತಿರುಗುತ್ತಾ ನಿಮ್ಮ ಎದುರಿಗೆ ಬಂದು, ಗಾಳಿಯಲ್ಲಿ ಒಂದು ಕ್ಷಣ ನಿಂತು ನಿಮ್ಮನ್ನೇ ನೋಡೀತು. ಆಗ ಮಗುವು, "ಅಮ್ಮಾ, ಇದರ ಚುಕ್ಕೆಗಳು ಬೇರೆಯಾಗಿವೆ" ಎಂದರೆ, ದಯಮಾಡಿ ನಗಬೇಡಿರಿ. ಬಗ್ಗಿ, ಅದು ತೋರಿಸುವ ಕಡೆಗೆ ನೀವೂ ನೋಡಿರಿ.